ಎರಡು ತೂತಿನ ಕಬ್ಬಿಣದ ತುಂಡು

ಕೊರೊನಾ ಕಾಲ ಮುಗಿದ ಮರುವರ್ಷದ ಮಾತು ಇದು. ಆಗ ಸಿಂಧನೂರಿನಲ್ಲಿ ಮಸ್ಕಿ ರಸ್ತೆಗೆ ನನ್ನದೊಂದು ಪಾಟಾ ಅಂಗಡಿ ಇತ್ತು. ಪಾಟಾ ಎಂದರೆ ಗಾಡಿಯ ಚಕ್ರದ ಬಳಿ ಒಂದರ ಮೇಲೊಂದು ಜೋಡಿಸಿ ಕಟ್ಟಿದ ಬಾಗಿದ ಉಕ್ಕು. ಗಾಡಿಯ ಭಾರವೆಲ್ಲ ಹೊರುವುದು ಅದೇ. ಗಂಡ ತೀರಿಕೊಂಡ ಮೇಲೆ ಇಪ್ಪತ್ತಾರು ವರ್ಷ ಆ ಅಂಗಡಿ ನಾನೇ ನಡೆಸಿದೆ. ಮುರಿದ ಪಾಟಾ ಬದಲಿಸುವುದು, ಬಾಗು ಹೋದದ್ದನ್ನು ಕಾಯಿಸಿ ಬಡಿದು ಮತ್ತೆ ಬಾಗಿಸುವುದು, ಇದೇ ಕೆಲಸ. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಅದಕ್ಕಿಂತ ಹೆಚ್ಚು ಬರುವುದಿಲ್ಲ. ಓದು ಇಲ್ಲದಿದ್ದರೂ ನನ್ನ ಕೈ ತಪ್ಪುವುದಿಲ್ಲ ಎಂಬ ಸೊಕ್ಕು ಮಾತ್ರ ಇತ್ತು. ಆ ಸೊಕ್ಕಿಗೆ ಒಬ್ಬ ಮನುಷ್ಯ ಸತ್ತ. ತಪ್ಪನ್ನು ತಲೆಯ ಮೇಲೆ ಹೊತ್ತವಳು ಬೇರೊಬ್ಬಳು.

ಸತ್ತವನ ಹೆಸರು ದುರುಗಪ್ಪ. ಮಸ್ಕಿಯವನು, ಮೂವತ್ತೈದರ ಆಸುಪಾಸು. ಸ್ವಂತ ಪಿಕಪ್ ಗಾಡಿ ಇತ್ತು. ಭತ್ತದ ನಾಟಿ ಬಂದರೆ ಮಸ್ಕಿಯಿಂದ ಇಪ್ಪತ್ತು ಹೆಣ್ಣಾಳುಗಳನ್ನು ತುಂಬಿಕೊಂಡು ಬಳಗಾನೂರು ಕಡೆಯ ಗದ್ದೆಗಳಿಗೆ ಬಿಡುತ್ತಿದ್ದ. ಪ್ರತಿ ವರ್ಷ ನಾಟಿಗೆ ಮುಂಚೆ ಪಾಟಾ ತೋರಿಸಲು ನನ್ನ ಹತ್ತಿರವೇ ಬರುತ್ತಿದ್ದ. ಆ ವರ್ಷ ಬಂದಾಗ ಗಾಡಿಯಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬಿ ಇತ್ತು. ಫೋನಿನಲ್ಲಿ ನೋಡಿ ತರಿಸಿದ್ದನಂತೆ, ಲಿಂಗಸುಗೂರಿನ ಕೊರಿಯರ್ ಆಫೀಸಿಗೆ ಹೋಗಿ ಬಿಡಿಸಿಕೊಂಡು ಬಂದಿದ್ದ.

"ಈರಮ್ಮವ್ವ, ಗಾಡಿ ನಾಕ್ ಇಂಚು ಇಳಿಸ್ಬೇಕು" ಅಂದ.

"ಎಲ್ಲಾರೂ ಏರಸಾಕ ಬರ್ತಾರ, ನೀ ಇಳಸಾಕ ಬಂದಿಯೇನೋ? ಗಾಡಿಗೆ ಮದುವಿ ಮಾಡ್ತೀಯೇನು?"

"ಹಂಗ ತಿಳ್ಕೋ ಬೇ."

ನನ್ನ ಅಂಗಡಿಯ ಹಳೆ ಫಿಟ್ಟರ್ ಖಾಜಾಹುಸೇನ್ ಬಿಡಬೇಕಲ್ಲ? "ಇನ್ನ ಬಣ್ಣದ ಲೈಟ್ ಹಾಕ್ತಾನ, ಹಾಡು ಹಚ್ತಾನ. ಹೆಣ್ಮಕ್ಕಳು ನಾಟಿಗೆ ಹೊಂಟಾರೋ ಮೆರವಣಿಗಿಗೆ ಹೊಂಟಾರೋ ತಿಳೀಬಾರ್ದು!" ಅಂದ.

ದುರುಗಪ್ಪ ನೆಲ ನೋಡಿ ನಕ್ಕ. ಷೋಕಿ ಎಂದೇ ನಾನು ತಿಳಿದೆ. ಎಷ್ಟು ಇಂಚು ಎಂದು ಎರಡು ಸಲ ಕೇಳಿದೆ. ಯಾಕೆ ಎಂದು ಸರಿಯಾಗಿ ಒಂದು ಸಲವೂ ಕೇಳಲಿಲ್ಲ.

ಡಬ್ಬಿಯಲ್ಲಿ ಬಾಗು ಕಡಿಮೆ ಇದ್ದ ಎರಡು ಸೆಟ್ ಪಾಟಾ, ಅವನ್ನು ಗಾಡಿಯ ತಳದ ಚೌಕಟ್ಟಿಗೆ ಹಿಡಿಸುವ ಗಿಡ್ಡ ಕೊಂಡಿಗಳು, ರಬ್ಬರ್, ನಟ್ಟು ಬೋಲ್ಟು, ಮತ್ತೆ ಒಂದು ಕಾಗದ ಇತ್ತು. ಕಾಗದ ಪೂರ್ತಿ ಇಂಗ್ಲಿಷು, ನಡುವೆ ಸಣ್ಣ ಸಣ್ಣ ಚಿತ್ರ. ಖಾಜಾ ತಿರುಗಿಸಿ ಮುರುಗಿಸಿ ನೋಡಿದ. "ಉರ್ದು ಇದ್ರ ನಾ ಓದ್ತಿದ್ದೆ, ಕನ್ನಡ ಇದ್ರ ನೀ ಓದ್ತಿದ್ದಿ ಅವ್ವ."

"ಪಾಟಾ ಹಾಕಾಕ ಏನ್ ಓದ್ತೀಲೇ? ಜಾಕ್ ಹಚ್ಚು" ಅಂದೆ. ಕಾಗದವನ್ನು ನಟ್ಟಿನ ಡಬ್ಬಿಯ ತಳಕ್ಕೆ ಹಾಸಿದೆ.

ಮುಂಜಾನೆ ಹಿಡಿದ ಕೆಲಸ ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಹಿಂದಿನ ಬಾಡಿ ನೆಲದಿಂದ ಮೂವತ್ತನಾಲ್ಕು ಇಂಚು ಇದ್ದದ್ದು ಮೂವತ್ತಕ್ಕೆ ಬಂತು. ಬೋಲ್ಟುಗಳನ್ನು ನಾನೇ ಬಿಗಿದು ನೋಡಿದೆ. ಎಲ್ಲ ಮುಗಿದ ಮೇಲೆ ಅಂಗೈಯಷ್ಟು ಉದ್ದದ, ಎರಡು ತೂತು ಇರುವ ಒಂದು ಕಬ್ಬಿಣದ ತುಂಡು ಉಳಿಯಿತು.

"ಇದ್ಯಾಕ ಉಳೀತು?" ಅಂದ ಖಾಜಾ.

"ಒಂದ ಡಬ್ಬಿ ಹತ್ತು ಥರದ ಗಾಡಿಗೆ ಮಾಡಿರ್ತಾರ. ಉಳೀತೈತಿ ಬಿಡು."

ನಮ್ಮ ಅಂಗಡಿಯ ಪದ್ಧತಿ ಎಂದರೆ, ಉಳಿದ ಸಾಮಾನನ್ನು ಬಾಗಿಲ ಪಕ್ಕದ ತಂತಿಗೆ ಪೋಣಿಸುವುದು. ಎಂದಾದರೂ ಯಾರಿಗಾದರೂ ಬೇಕಾಗುತ್ತದೆ. ಅದನ್ನೂ ಪೋಣಿಸಿದೆ.

ಮೂರು ವಾರದ ಮೇಲೆ ದುರುಗಪ್ಪ ಅಂಗಡಿ ಮುಂದೆ ನಿಂತು ಎಂಜಿನ್ ಬಂದ್ ಮಾಡದೆ ಕೂಗಿ ಹೇಳಿದ: "ಮಂದಿ ತುಂಬಿದ್ರ ಬ್ರೇಕ್ ಭಾರಿ ಹಿಡೀತೈತವ್ವ. ಖಾಲಿ ಇದ್ದಾಗ ಒಂದ್ ಸ್ವಲ್ಪ ಹಿಂದ ಸರದಂಗ ಆಗತೈತಿ."

"ಟೈರ್ ಸವದಾವ, ನೋಡ್ಕೋ" ಅಂದೆ. ಟೈರ್ ಸವೆದದ್ದು ನಿಜ. ಆದರೆ ನಾನು ಕೂತ ಜಾಗದಿಂದ ಏಳಲಿಲ್ಲ.

ಅದಾಗಿ ಎಂಟು ದಿನಕ್ಕೆ ದುರುಗಪ್ಪ, ಆಳುಗಳನ್ನು ಗದ್ದೆಯಲ್ಲಿ ಇಳಿಸಿ ಕುಡಿಯುವ ನೀರಿನ ಕ್ಯಾನು ತರಲು ಖಾಲಿ ಗಾಡಿ ಹೊಡೆದುಕೊಂಡು ವಾಪಸ್ ಹೊರಟಿದ್ದ. ಕಾಲುವೆ ದಂಡೆಯ ಮೇಲಿನ ರಸ್ತೆ. ಟ್ರಾಕ್ಟರುಗಳು ಗದ್ದೆಯ ಕೆಸರು ತಂದು ಹಾಕಿದ್ದವು. ಎಮ್ಮೆ ಅಡ್ಡ ಬಂತು, ಬ್ರೇಕ್ ಹಾಕಿದ. ಎದುರಿಗೆ ಬರುತ್ತಿದ್ದ ಟ್ರಾಕ್ಟರಿನವನು ಹೇಳಿದ್ದು ಇಷ್ಟು: "ಗಾಡಿ ಹಿಂದಿಂದು ಮುಂದ ಬಂತು, ಆಮ್ಯಾಲ ಕಾಣಲಿಲ್ಲ." ಕಾಲುವೆ ತುಂಬಿ ಹರಿಯುತ್ತಿತ್ತು.

ಗಾಡಿ ಕೆಸರಿಗೆ ಜಾರಿ ಕಾಲುವೆಗೆ ಬಿದ್ದಿದೆ ಎಂದು ಪೊಲೀಸರು ಬರೆದುಕೊಂಡರು. ಮೂರನೇ ದಿನ ನಾನು ಮಸ್ಕಿಗೆ ಹೋಗಿ, ಕಾಲುವೆಯಿಂದ ಎತ್ತಿ ತಂದಿದ್ದ ಆ ಗಾಡಿ ನೋಡಿದೆ. ದುಃಖಕ್ಕೆ ಹೋದೆ ಎಂದರೆ ಸುಳ್ಳಾಗುತ್ತದೆ. ನನ್ನ ಪಾಟಾ ಮುರಿದಿದೆಯೋ ಹೇಗೆ ಎಂಬ ಅಂಜಿಕೆಗೆ ಹೋದೆ. ಪಾಟಾ ಗಟ್ಟಿ ಇತ್ತು, ಒಂದು ಬೋಲ್ಟೂ ಸಡಿಲಾಗಿರಲಿಲ್ಲ. ಸಮಾಧಾನದಿಂದ ಏಳುವಾಗ ಒಂದು ಸಣ್ಣ ಸಲಾಕೆ ಕಣ್ಣಿಗೆ ಬಿತ್ತು.

ಪಿಕಪ್ಪಿನ ಹಿಂದೆ ಲೋಡ್ ಸೆನ್ಸಿಂಗ್ ವಾಲ್ವ್ ಎಂದು ಇರುತ್ತದೆ. ಅದರ ಸಲಾಕೆ ಹಿಂದಿನ ಚಕ್ರಗಳ ನಡುವಿನ ಅಚ್ಚಿಗೆ ಕೂಡಿರುತ್ತದೆ. ಭಾರ ಬಿದ್ದು ಬಾಡಿ ತಗ್ಗಿದರೆ ಸಲಾಕೆ ಮೇಲೇಳುತ್ತದೆ, ಹಿಂದಿನ ಚಕ್ರಕ್ಕೆ ಬ್ರೇಕ್ ಜೋರಾಗಿ ಹೋಗುತ್ತದೆ. ಖಾಲಿ ಇದ್ದರೆ ಕಡಿಮೆ ಹೋಗುತ್ತದೆ. ನಾನು ಗಾಡಿ ಇಳಿಸಿದ್ದೆ. ಖಾಲಿ ಗಾಡಿಯನ್ನೂ ಆ ವಾಲ್ವ್ ತುಂಬಿದ ಗಾಡಿ ಎಂದೇ ತಿಳಿದಿತ್ತು. ಬ್ರೇಕ್ ಹಾಕಿದ ಕೂಡಲೇ ಹಿಂದಿನ ಚಕ್ರ ಎರಡೂ ಕಚ್ಚಿಕೊಂಡು ನಿಂತಿವೆ, ಗಾಡಿ ತಿರುಗಿದೆ. ಆ ಸಲಾಕೆಯನ್ನು ಮೊದಲಿನ ಮಟ್ಟಕ್ಕೆ ತರಲು ನಡುವೆ ಒಂದು ತುಂಡು ಬೇಕಿತ್ತು, ಎರಡು ತೂತಿನದು.

ಅಂಗಡಿಗೆ ಬಂದು ಡಬ್ಬಿಯ ತಳದ ಕಾಗದ ತೆಗೆದೆ. ಖಾಜಾನ ಮಗಳು ಕಾಲೇಜಿಗೆ ಹೋಗುತ್ತಾಳೆ, ಅವಳು ಓದಿದಳು. ಎರಡು ತೂತಿನ ತುಂಡಿನ ಚಿತ್ರದ ಕೆಳಗೆ, ಇದನ್ನು ಹಾಕದೆ ಗಾಡಿ ರಸ್ತೆಗೆ ತರಬೇಡಿ ಎಂದು ಬರೆದಿತ್ತು.

"ಅವ್ವ, ಕೆಸರು ಅಂತ ಬರದು ಮುಗಿಸ್ಯಾರ" ಅಂದ ಖಾಜಾ. "ಹೇಳಿದ್ರ ಅಂವ ವಾಪಸ್ ಬರ್ತಾನೇನು? ಅಂಗಡಿ ಅಷ್ಟ ಹೋಗ್ತೈತಿ."

ನಾನು ಸುಮ್ಮನಾದೆ. ಒಂದು ತಿಂಗಳ ಮೇಲೆ ಸುಮ್ಮನಿದ್ದೆ.

ಆಮೇಲೆ ಒಂದು ದಿನ ಮಸ್ಕಿಯ ಇನ್ನೊಬ್ಬ ಡ್ರೈವರ್ ಚಹಾ ಕುಡಿಯುತ್ತ ಹೇಳಿದ: "ದುರುಗಪ್ಪನ ಹೆಂಡ್ತಿ ಹುಲಿಗೆಮ್ಮಗ ಒಂದ್ ಕಾಲು ಸಣ್ಣದು. ನಾಟಿಗೆ ಹೋಗೂವಾಗ ಇಬ್ರು ರಟ್ಟಿ ಹಿಡದು ಮ್ಯಾಲ ಎತ್ತತಿದ್ರು, ಮಂದಿ ನಗತಿದ್ರು. ಅಕಿ ತಾನ ಏರಲಿ ಅಂತ ಅಂವ ಗಾಡಿ ಇಳಿಸಿದ. ಈಗ ಅತ್ತಿಯಿಂದ ಹಿಡದು ಓಣ್ಯಾಗಿನವ್ರೆಲ್ಲ ಒಂದ ಮಾತು, ಅಕಿ ಕಾಲು ಅಂವನ್ನ ನುಂಗಿತು ಅಂತ. ಅಕಿ ಊಟಾ ಬಿಟ್ಟಾಳ."

ನನ್ನ ಚಹಾ ಆರಿತು. ತಂತಿಯಿಂದ ಆ ತುಂಡು ಬಿಚ್ಚಿಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ದುರುಗಪ್ಪನ ತಾಯಿ ಯಂಕಮ್ಮ ಬಾಗಿಲಲ್ಲಿ ಕೂತಿದ್ದಳು. ಹುಲಿಗೆಮ್ಮ ಒಳಗೆ ಗೋಡೆಗೆ ಒರಗಿದ್ದಳು. ತುಂಡನ್ನು ಇಬ್ಬರ ನಡುವೆ ನೆಲಕ್ಕೆ ಇಟ್ಟೆ.

"ದುರುಗಪ್ಪ ಸತ್ತದ್ದು ಇದನ್ನ ಹಾಕಲಾರದ್ದಕ್ಕ. ಹಾಕಬೇಕಾದಾಕಿ ನಾನು. ಈಕಿ ಕಾಲಿಂದ ಏನೂ ಆಗಿಲ್ಲ."

ಯಂಕಮ್ಮ ಅದನ್ನು ಎತ್ತಿ ತಿರುಗಿಸಿ ನೋಡಿದಳು. "ಎಂದು ಗೊತ್ತಾತು ನಿನಗ?"

"ಮೂರನೇ ದಿನ."

"ಇವತ್ತಿಗೆ ನಲವತ್ತು. ಅಷ್ಟೂ ದಿನ ಈಕಿಗೆ ಬಾಯಿಗೆ ಬಂದದ್ದು ಅಂದೀನಿ. ಆ ಮಾತೆಲ್ಲ ಈಗ ನಾ ಎಲ್ಲಿ ಇಡ್ಲಿ, ಹೇಳು?"

ಹುಲಿಗೆಮ್ಮ ಮೊದಲ ಸಲ ಬಾಯಿ ಬಿಟ್ಟಳು. "ಒಂದ್ ತಿಂಗಳು ಯಾರ ಕೈ ಹಿಡೀಲಾರದ ಏರಿದೆ. ಅಂವ ಕನ್ನಡ್ಯಾಗ ನೋಡಿ ನಗತಿದ್ದ." ಆಮೇಲೆ ನನ್ನನ್ನು ಕೇಳಿದಳು: "ಗಾಡಿ ಇಳಸಲಾರದ ಬ್ಯಾರೆ ದಾರಿ ಇರಲಿಲ್ಲೇನವ್ವ?"

ಇತ್ತು. ಬಾಡಿಯ ಹಿಂದೆ ಮಡಚುವ ಎರಡು ಕಬ್ಬಿಣದ ಮೆಟ್ಟಿಲು ವೆಲ್ಡಿಂಗ್ ಮಾಡಿದ್ದರೆ ಸಾಕಾಗಿತ್ತು. ಒಂದು ತಾಸಿನ ಕೆಲಸ. ಹೆಂಡತಿಯ ಕಾಲಿನ ಮಾತು ಮಂದಿಯ ಮುಂದೆ ಆಡಲು ಅವನಿಗೆ ಮನಸ್ಸಿರಲಿಲ್ಲ, ನಾನು ಚೇಷ್ಟೆ ಮಾಡಿ ಅವನ ಬಾಯಿ ಮುಚ್ಚಿಸಿದ್ದೆ.

"ಇತ್ತು" ಅಂದೆ.

ವಿಷಯ ಹರಡಿತು, ಗಾಡಿಗಳು ಬರುವುದು ಕಡಿಮೆಯಾಯಿತು. ಈಗ ಅಂಗಡಿ ಖಾಜಾನದು. ನಾನು ಬಾಗಿಲಲ್ಲಿ ಕೂರುತ್ತೇನೆ. ಉಳಿದ ಸಾಮಾನಿನ ತಂತಿ ಕಿತ್ತು ಹಾಕಿಸಿದ್ದೇನೆ. ಒಂದು ವಾಷರ್ ಉಳಿದರೂ ಅದು ಎಲ್ಲಿಯದು ಎಂದು ತಿಳಿಯುವ ತನಕ ಗಾಡಿ ಹೊರಗೆ ಬಿಡುವುದಿಲ್ಲ. ಎಷ್ಟು ಇಂಚು ಎಂದು ಕೇಳುವ ಮೊದಲು ಯಾರಿಗಾಗಿ ಎಂದು ಕೇಳಬೇಕು. ಇಪ್ಪತ್ತಾರು ವರ್ಷದ ಕೆಲಸ ನನಗೆ ಕಲಿಸಿದ್ದು ಇದು, ಕಲಿಸಿದ್ದು ತಡವಾಗಿ.

ಮುಂದಿನ ನಾಟಿಗೆ ಹುಲಿಗೆಮ್ಮ ಬೇರೆಯವರ ಪಿಕಪ್ಪಿನಲ್ಲಿ ಹೋಗುತ್ತಾಳೆ ಎಂದು ಕೇಳಿ, ಎರಡು ಮೆಟ್ಟಿಲು ಮಾಡಿಸಿ ಆ ಗಾಡಿಯವನ ಕೈಯಲ್ಲಿ ಕಳಿಸಿದೆ. ಅವಳು ವಾಪಸ್ ಕಳಿಸಲಿಲ್ಲ. ಅವುಗಳ ಮೇಲೆ ಕಾಲಿಟ್ಟು ಹತ್ತುತ್ತಾಳೋ ಇಲ್ಲವೋ, ನೋಡಲು ನಾನು ಹೋಗಿಲ್ಲ.