ಅರ್ಧ ಮಾಡಿದರೆ ಕಾಲಾದ ಬೆಳಕು

ಅವಳನ್ನು ಎಲ್ಲರೂ ಮೀಟರಕ್ಕ ಅನ್ನುತ್ತಿದ್ದರು. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸುವ ದೊಡ್ಡ ಯಂತ್ರವೊಂದರಲ್ಲಿ, ಅವು ತಿರುವಿನಲ್ಲಿ ಚೆಲ್ಲುವ ಬೆಳಕನ್ನು ಅಳೆಯುವ ಮಾಪಕಗಳೆಲ್ಲ ಅವಳ ಸುಪರ್ದಿ. ಓದಿದ್ದು ಡಿಪ್ಲೊಮಾ. ಬಸ್ ಓಡಿಸುವ ಗಂಡ ನೆಂಟರೆದುರು ನಗುತ್ತಿದ್ದ: "ಮನೆ ಗಡಿಯಾರ ಒಂದು ಸೆಕೆಂಡ್ ಹಿಂದೆ ಬಿದ್ರೂ ಇವಳಿಗೆ ಊಟ ಸೇರಲ್ಲ."

ಹೊಸದಾಗಿ ಬಂದ ವಿಜ್ಞಾನಿಯೊಬ್ಬ ಒಗ್ಗೂಡಿದ ಬೆಳಕಿನ ಬೆನ್ನು ಹತ್ತಿದ್ದ. ಎಲೆಕ್ಟ್ರಾನುಗಳ ಗುಂಪು ಉದ್ದವಾಗಿದ್ದರೆ ಒಂದೊಂದು ಕಣವೂ ತನ್ನ ಪಾಡಿಗೆ ತಾನು ಹೊಳೆಯುತ್ತದೆ. ಗುಂಪನ್ನು ಹಿಸುಕಿ ಬೆಳಕಿನ ಅಲೆಗಿಂತ ಗಿಡ್ಡ ಮಾಡಿದರೆ ಎಲ್ಲವೂ ಒಂದೇ ತಾಳಕ್ಕೆ ಹೊಳೆಯುತ್ತವೆ. ಆಗ ಕಣ ಎರಡು ಪಟ್ಟಾದರೆ ಬೆಳಕು ನಾಲ್ಕು ಪಟ್ಟು.

ಒಂದು ಬೆಳಿಗ್ಗೆ ಗುಂಪನ್ನು ಇನ್ನಷ್ಟು ಹಿಸುಕಿದ್ದೇ ತಡ, ಮಾಪಕದ ಅಂಕಿ ಒಂದರಿಂದ ಸಾವಿರಕ್ಕೆ ನೆಗೆಯಿತು.

"ಮಾಪಕ ಕೆಟ್ಟಿದೆ, ಬದಲಾಯಿಸಿ," ಎಂದ ವಿಜ್ಞಾನಿ. "ಗುಂಪು ಅಷ್ಟು ಗಿಡ್ಡ ಆಗೋಕೆ ಇನ್ನೂ ಒಂದು ತಿಂಗಳು ಬೇಕು."

ಬದಲಾಯಿಸಲು ಯಂತ್ರವನ್ನೇ ಹದಿನೈದು ದಿನ ನಿಲ್ಲಿಸಬೇಕು. ಮೀಟರಕ್ಕ ಜಾಗ ಬಿಟ್ಟು ಕದಲಲಿಲ್ಲ.

"ಬೆಳಿಗ್ಗೆ ಏಳು ಗಂಟೆಗೆ ಅಳತೆ ಗೊತ್ತಿರೋ ದೀಪ ಹಿಡಿದು ಮಾಪಕ ಪರೀಕ್ಷೆ ಮಾಡಿದೀನಿ ಸಾರ್. ಗುಂಡುಕಲ್ಲಿನ ಹಾಗಿದೆ."

"ನನ್ನ ಲೆಕ್ಕ ತಪ್ಪು ಅಂತೀರಾ?"

"ನಾನ್ಯಾಕೆ ಹಾಗನ್ನಲಿ? ಕಣಗಳ ಎಣಿಕೆ ಅರ್ಧ ಮಾಡಿ. ಮಾಪಕ ಕೆಟ್ಟಿದ್ರೆ ಬಾಯಿಗೆ ಬಂದ ಅಂಕಿ ಒದರುತ್ತೆ. ಮಾಮೂಲಿ ಬೆಳಕಾದ್ರೆ ಅರ್ಧ ಆಗುತ್ತೆ. ಕಾಲು ಆದ್ರೆ ಏನಂತ ನೀವೇ ಹೇಳಿ."



ಕಣಗಳನ್ನು ಅರ್ಧ ಮಾಡಿದರು. ಅಂಕಿ ಇನ್ನೂರೈವತ್ತೆರಡಕ್ಕೆ ಇಳಿದು ನಿಂತಿತು. ಮತ್ತೆ ಅರ್ಧ ಮಾಡಿದರು: ಅರವತ್ತಮೂರು.

ಎರಡು ಸಲವೂ ಹೆಚ್ಚುಕಡಿಮೆ ಕಾಲು. ವಿಜ್ಞಾನಿ ತನ್ನ ಲೆಕ್ಕದ ಹಾಳೆ ತೆಗೆದು, ಹಿಸುಕುವ ಆಯಸ್ಕಾಂತದ ಬಲವನ್ನು ತಾನು ಕಡಿಮೆ ಹಿಡಿದಿದ್ದ ಸಾಲನ್ನು ಬೆರಳಿಟ್ಟು ತೋರಿಸಿದ. "ತಪ್ಪು ಇಲ್ಲಿತ್ತು ನೋಡಿ. ದುಡುಕಿಬಿಟ್ಟೆ."

"ಇರಲಿ ಬಿಡಿ," ಎಂದಳು. ಹೊರಗೆ ಬಂದು ಮುಖಕ್ಕೆ ನೀರು ಹಾಕಿಕೊಂಡು ತಂಗಿಗೆ ಫೋನ್ ಮಾಡಿದಳು, ಊರ ಮೇಲಿನ ವಿಷಯವೆಲ್ಲ ಮಾತಾಡಿದಳು, ಇದೊಂದನ್ನು ಬಿಟ್ಟು.

ಯಂತ್ರ ನಿಲ್ಲಲಿಲ್ಲ. ಮರುವಾರದಿಂದ ಆ ಬೆಳಕನ್ನು ಬಳಸಲು ಬೇರೆ ಬೇರೆ ತಂಡಗಳು ಬರತೊಡಗಿದವು. ನಿವೃತ್ತಿಯಾಗುವವರೆಗಿನ ಹನ್ನೊಂದು ವರ್ಷ, ಅವರಿಗೆ ಬಾಗಿಲು ತೆರೆಯುವ ಮುಂಚೆ ಕಣಗಳನ್ನೊಮ್ಮೆ ಅರ್ಧ ಮಾಡಿ ನೋಡುವ ಕೆಲಸ ಅವಳದ್ದೇ ಆಯಿತು.