ನೊಣದ ರೆಕ್ಕೆ

ಕಣ್ಣಾಸ್ಪತ್ರೆಯ ಎಂಟನೇ ಕೋಣೆಯಲ್ಲಿ ಮಕ್ಕಳ ಕಣ್ಣು ಪರೀಕ್ಷಿಸುವಾಕೆಗೆ ಎಲ್ಲರೂ ಇಟ್ಟ ಹೆಸರು ಪಟ್ಟಿಯಕ್ಕ. ಮಗುವಿನ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ, ಸರಿಯಾಗಿ ನೋಡದ ಸೋಮಾರಿ ಕಣ್ಣನ್ನು ದುಡಿಮೆಗೆ ಹಚ್ಚುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕಸುಬು. ಅವಳ ಎಡಗಣ್ಣೂ ಸೋಮಾರಿಯೇ. ಚಿಕ್ಕಂದಿನಲ್ಲಿ ಯಾರೂ ಗಮನಿಸದೆ ಹಾಗೇ ಉಳಿದುಹೋಯಿತು. ಅದರಿಂದಾಗಿ ಯಾವುದು ಹತ್ತಿರ, ಯಾವುದು ದೂರ ಎಂಬುದು ಅವಳಿಗೆ ಅಂದಾಜಿನ ಲೆಕ್ಕ. ಚಹಾ ಬಗ್ಗಿಸಿದರೆ ಅರ್ಧ ಲೋಟಕ್ಕೆ, ಅರ್ಧ ಮೇಜಿಗೆ.

"ಮೇಜಿಗೂ ಬಾಯಾರಿಕೆ ಆಗಲ್ವೇನ್ರೀ?" ಎಂದು ತಾನೇ ಮೊದಲು ನಗುತ್ತಾಳೆ.

ಒಂದು ದಿನ ದರ್ಜಿಯೊಬ್ಬ ಆರು ವರ್ಷದ ಮಗಳನ್ನು ಕರೆದುಕೊಂಡು ಬಂದ. ಪಟ್ಟಿ ಅಂಟಿಸಲು ಶುರುಮಾಡಿ ನಾಲ್ಕು ತಿಂಗಳಾಗಿತ್ತು. ಖುಷಿಗೆ ಮನುಷ್ಯ ನೆಲದ ಮೇಲೆ ನಿಂತಿರಲಿಲ್ಲ. "ಎಲ್ಲಾ ಅಕ್ಷರ ಪಟಪಟ ಹೇಳ್ತಾಳೆ ಮೇಡಂ! ಇನ್ನು ಪಟ್ಟಿ ಬೇಡ ಅಲ್ವಾ?"

ಜೇಬಿನಿಂದ ಒಂದು ರಟ್ಟು ಹೊರಬಂತು. ನಡುವೆ ಚೌಕ ಕಿಟಕಿ, ಅಂಚು ಒಂದು ನೂಲಿನಷ್ಟೂ ಸೊಟ್ಟಗಿಲ್ಲ. ಅದನ್ನು ಗೋಡೆಯ ಅಕ್ಷರಪಟದ ಮೇಲಿಟ್ಟು ಕಿಟಕಿಯಲ್ಲಿ ಒಂದೊಂದೇ ಅಕ್ಷರ ತೋರಿಸಿದ; ಮಗಳು ಒಂದೂ ತಪ್ಪಲಿಲ್ಲ.

ಪಟ್ಟಿಯಕ್ಕ ರಟ್ಟನ್ನು ಪಕ್ಕಕ್ಕೆ ಸರಿಸಿ ಇಡೀ ಸಾಲು ಓದಿಸಿದಳು. ಹುಡುಗಿ ಮೊದಲ ಅಕ್ಷರ ಹೇಳಿದಳು, ಕೊನೆಯದು ಹೇಳಿದಳು. ನಡುವಿನವೆಲ್ಲ ಕಲಸುಮೇಲೋಗರ.

"ನಾಟಕ ಮಾಡ್ಬೇಡ ಪುಟ್ಟಿ!" ಅಪ್ಪ ಗದರಿದ.

"ನಾಟಕ ಅಲ್ಲಪ್ಪಾ. ಅವು ಒಂದನ್ನೊಂದು ತಳ್ತಾ ಇವೆ."

ಪಟ್ಟಿಯಕ್ಕನಿಗೆ ರೇಗಿತು. "ಮಗೂನ ಯಾಕ್ರೀ ಬೈತೀರ? ನಿಮ್ಮ ಭಾವ ಒಬ್ರೇ ಬಂದ್ರೆ ಗುರುತು ಸಿಗತ್ತೆ. ತುಂಬಿದ ಬಸ್ಸಲ್ಲಿ ಅವರ ಮೀಸೆ ಯಾವುದು, ಪಕ್ಕದವರ ಮೀಸೆ ಯಾವುದು? ಸೋಮಾರಿ ಕಣ್ಣಿಗೆ ಅಕ್ಷರಗಳ ಸಾಲು ಹಂಗೇನೆ."

ದರ್ಜಿಯ ಮುಖ ಸಪ್ಪಗಾಯಿತು. "ಹಂಗಾದ್ರೆ ನಾನೇ ಕೆಡಿಸಿದ್ನಾ?"

"ಏನೂ ಕೆಟ್ಟಿಲ್ಲ. ಈ ಕಿಟಕಿ ನನ್ನ ಹತ್ರ ಇರ್ಲಿ, ಮನೇಲಿ ಸಾಲು ಓದ್ಸಿ. ಓದು ಬರತ್ತೆ. ಎರಡು ಕಣ್ಣೂ ಜೊತೆಯಾಗಿ ಆಳ ಕಾಣೋದಿದೆಯಲ್ಲ, ಅದಕ್ಕೆ ಮಾತ್ರ ನಾನು ಮಾತು ಕೊಡಲ್ಲ."

ಮಾತು ಕೊಡಲಿಲ್ಲ, ಆದರೆ ಮನಸ್ಸಿನಲ್ಲಿ ಹಟ ಹಿಡಿದಳು. ತನಗೆ ಸಿಗದೇಹೋದದ್ದು ಈ ಪುಟ್ಟಿಗೆ ಸಿಗಲೇಬೇಕು.

ತಿಂಗಳುಗಳು ಕಳೆದವು. ಸಾಲುಗಳು ತಳ್ಳಾಟ ಬಿಟ್ಟು ಸುಮ್ಮನೆ ನಿಂತವು. ಉಳಿದದ್ದು ಆಳ ಪರೀಕ್ಷಿಸುವ ನೊಣದ ಪುಸ್ತಕ. ಅದರ ತುಂಬ ಒಂದೇ ದೊಡ್ಡ ನೊಣ; ಕಪ್ಪು ಕನ್ನಡಕ ಹಾಕಿ ನೋಡಿದರೆ, ಆಳ ಕಾಣುವವರಿಗೆ ಅದರ ರೆಕ್ಕೆ ಕಾಗದದಿಂದ ಮೇಲೆದ್ದು ನಿಲ್ಲುತ್ತದೆ. ಸಾವಿರಾರು ಮಕ್ಕಳಿಗೆ ಆ ಪುಟ ತೆರೆದ ಪಟ್ಟಿಯಕ್ಕನಿಗೆ ಅದು ಯಾವತ್ತೂ ಕಾಗದಕ್ಕೆ ಅಂಟಿದ ನೊಣವೇ. ಪುಟ್ಟಿಗೂ ಅಷ್ಟೆ. ರೆಕ್ಕೆ ಹಿಡಿ ಎಂದರೆ ಮೂರು ಸಲವೂ ಕಾಗದವನ್ನೇ ಕೆರೆದಿದ್ದಳು.

ನಾಲ್ಕನೇ ಸಲ ಕನ್ನಡಕ ಹಾಕಿದವಳೇ "ಥೂ!" ಎಂದು ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಆಮೇಲೆ ಧೈರ್ಯ ಮಾಡಿ ಕೈ ಚಾಚಿದಳು. ಎರಡು ಬೆರಳು ಪುಟದಿಂದ ಮೇಲೆ, ಬರೀ ಗಾಳಿಯಲ್ಲಿ ಕೂಡಿಕೊಂಡವು.

ಪಟ್ಟಿಯಕ್ಕನ ಕಣ್ಣು ತುಂಬಿತು. ಅದನ್ನು ಮರೆಮಾಡಲು ಬಗ್ಗಿ, ಪುಟದ ಮೇಲೆ ಬೆರಳಿಟ್ಟಳು. "ಎಲ್ಲಿದೆಯಮ್ಮಾ ರೆಕ್ಕೆ? ಇಲ್ಲೇನಾ?"

"ಅಯ್ಯೋ ಅಕ್ಕಾ, ನಿಮ್ಮ ಬೆರಳು ರೆಕ್ಕೆ ಕೆಳಗೆ ಸಿಕ್ಕಾಕ್ಕೊಂಡಿದೆ!" ಪುಟ್ಟಿ ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಎತ್ತಿದಳು. "ಇನ್ನೂ ಸ್ವಲ್ಪ ಮೇಲೆ. ಹಾಂ, ಅಲ್ಲೇ. ಅಲ್ಲಾಡ್ಬೇಡಿ."

ಪಟ್ಟಿಯಕ್ಕ ಅಲ್ಲಾಡಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಅವಳ ಬೆರಳು ಆ ರೆಕ್ಕೆಯ ಮೇಲಿತ್ತು.