ಬಿಸಿಲಿತ್ತು ಎಂದು ಬರೆಸಿದ್ದು

ಆ ಬೆಳಿಗ್ಗೆ ಕುಂದಾಪುರದ ಕಾಲೇಜಿನಲ್ಲಿ ನಾನು ಪಾಠ ಮಾಡಿದ್ದು ವಿಕ್ಟೋರಿಯಾ ಕಾಲದ ಒಂದು ಇಂಗ್ಲಿಷ್ ಕಾದಂಬರಿಯ ಕೊಲೆಯ ಅಧ್ಯಾಯ. ಪುಟವಿಡೀ ಮಂಜು. ಬೀದಿ, ದೀಪ, ಮನುಷ್ಯರ ಮುಖ ಎಲ್ಲವೂ ಅದರೊಳಗೆ. ಹೆಣ ಸಿಕ್ಕುವಾಗ ಓದುವವರಿಗೆ ಮಂಜೇ ಕೊಂದಿತೇನೋ ಅನ್ನಿಸಬೇಕು, ಅಂಥ ಭಾಷೆ. "ವಾತಾವರಣ ಕಟ್ಟುವುದೆಂದರೆ ಇದು," ಎಂದು ಮಕ್ಕಳಿಗೆ ಮೆಚ್ಚಿ ಹೇಳಿದ್ದೆ.

ಮಧ್ಯಾಹ್ನದ ಬಿಸಿಲಿನಲ್ಲಿ ಬ್ರಹ್ಮಾವರದ ಮನೆಗೆ ಹೊರಟೆ. ಬೈಂದೂರಿನಿಂದ ಬಂದ ಬಸ್ಸು, ಕಾಲಿಡಲು ಜಾಗವಿಲ್ಲ. ಮುಂದಿನ ಬಾಗಿಲ ಮೆಟ್ಟಿಲ ಮೇಲೆ ನಾನು, ನನ್ನ ಮುಂದೆ ಖಾಲಿ ಬುಟ್ಟಿ ಹಿಡಿದ, ಮೀನು ಮಾರುವ ಒಬ್ಬರು ಅಮ್ಮ. ಕುಂಭಾಶಿಯಲ್ಲಿ ಅವರು ಇಳಿಯುತ್ತಿದ್ದಂತೆ ನಮ್ಮ ನಂತರದ ಟೈಮಿನ ಬಸ್ಸು ಹಿಂದಿನಿಂದ ಹಾರ್ನ್ ಹಾಕುತ್ತ ಬಂತು. ಅದು ಮುಂದೆ ಹೋದರೆ ದಾರಿಯ ಜನವೆಲ್ಲ ಅದಕ್ಕೇ.

"ಹ್ವಾಯ್, ಬೇಗ ಇಳಿನಿ ಮಾರಾಯ್ರೆ!" ಎಂದ ಕಂಡಕ್ಟರ್.

"ಹಾರುಕೆ ನಾನೆಂತ ಕಪ್ಪಿಯಾ?" ಎಂದರು ಅಮ್ಮ.

ಅವರ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು. ಅವನು ಅದನ್ನು ನೋಡಿದ. ನೋಡಿ ವಿಷಲ್ ಊದಿದ. ಬಸ್ಸು ಹೊರಟಿತು. ನಾನು ಅವರ ಸೆರಗು ಹಿಡಿದೆ, ಅದು ಬೆರಳಿನಿಂದ ಜಾರಿತು. ಆಮೇಲೆ ಹಿಂದಿನ ಚಕ್ರ.

ಕಾಲು ಉಳಿಯಲಿಲ್ಲ. ನಾನು ನೋಡಲು ಆಸ್ಪತ್ರೆಗೆ ಹೋದಾಗ ಅವರು ಕೇಳಿದ್ದು ಒಂದೇ. "ಅವ್ನ್ ಟೈಮ್ ಉಳೀತಾ ಕೇಣಿ ಕಾಂಬ."

ಠಾಣೆಗೆ ಹೇಳಿಕೆ ಕೊಡಲು ಹೋದ ದಿನ ಬಸ್ಸಿನ ಏಜೆಂಟ್ ಗೇಟಿನಲ್ಲೇ ಕಾದಿದ್ದ. ಜೊತೆಗೆ ಅದೇ ಕಂಡಕ್ಟರ್.

"ಮೇಡಂ, ಮಳಿ ಇತ್ತ್, ಮೆಟ್ಲ್ ಜಾರ್ತಿತ್ತ್, ಎಂತದೂ ಸಮ ಕಾಣ್ಲಿಲ್ಲ. ಅಷ್ಟ್ ಹೇಳ್ರೆ ಸಾಕ್. ಯಾರ್ ಮೇಲೂ ತಪ್ಪ್ ಬಪ್ದಿಲ್ಲ. ನೀವ್ ಕಲ್ತವ್ರ್, ನಿಮ್ಗೆ ಹೇಳ್ಕಾ?" ಎಂದ ಏಜೆಂಟ್.

ಹೇಳಬೇಕಿರಲಿಲ್ಲ. ಅವನು ಕೇಳುತ್ತಿದ್ದುದು ನಾನು ತರಗತಿಯಲ್ಲಿ ಹೊಗಳಿದ ಅದೇ ಮಂಜನ್ನು.

"ವಾತಾವರಣ ನಂಗೆ ಬಿಡಿ," ಎಂದೆ. "ನಾನ್ ಕಲ್ಸುದೇ ಅದ್."

ಕಂಡಕ್ಟರ್ ನಕ್ಕ. ಆ ನಗು ಇರುವಾಗಲೇ ಒಳಗೆ ಹೋಗಿ ಕುಳಿತೆ. ಬಾಗಿಲು ತೆರೆದಿತ್ತು. ಅವನಿಗೆ ಕೇಳಲಿ ಎಂದೇ ದನಿ ಎತ್ತಿ, ಒಂದೊಂದೇ ಮಾತು ಬರೆಸಿದೆ. ಬಿಸಿಲಿತ್ತು. ಮೆಟ್ಟಿಲು ಒಣಗಿತ್ತು. ಅವರ ಕಾಲು ಇನ್ನೂ ಮೇಲಿತ್ತು. ಈ ಮನುಷ್ಯ ನೋಡಿದ. ನೋಡಿದ ಮೇಲೆ ಊದಿದ.

ಈಗಲೂ ವಿಷಲ್ ಕೇಳಿದರೆ ನನ್ನ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ, ಸೆರಗಿಗಾಗಿ. ಆಗ ಅವನ ನಗು ಆರಿದ ಆ ಗಳಿಗೆಯನ್ನು ನೆನೆಯುತ್ತೇನೆ. ಕೋರ್ಟಿಗೆ ಕರೆದಾಗಲೂ ನನ್ನ ಹೇಳಿಕೆಯಲ್ಲಿ ಅಷ್ಟೇ ಬಿಸಿಲಿರುತ್ತದೆ.